ಡಿಸ್ಚಾರ್ಜ್ ಬುಕ್ಕಿನಲ್ಲಿ ಪದಕ ಬಿಟ್ಟುಹೋಗಿದೆ, ಅಮ್ಮನ ಹೆಸರೂ ತಪ್ಪಾಗಿದೆ: ಎಲ್ಲಿಂದ ಸರಿಪಡಿಸುವುದು?

ಪ್ರಶ್ನೆ: ನಮ್ಮ ತಂದೆಯವರಿಗೆ ಈಗ 76 ವರ್ಷ. 1967ರಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪ್‌ಗೆ (ಎಂಇಜಿ) ಸೇರಿ, 1984ರಲ್ಲಿ ಹವಾಲ್ದಾರರಾಗಿ ಪಿಂಚಣಿ ಮೇಲೆ ಬಂದರು. 1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿದ್ದರು. ಸೇವೆ ಮುಗಿಸಿ ಬರುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಸೈನ್ಯ ಸೇವಾ ಮೆಡಲ್ ಮತ್ತು ಒಂಬತ್ತು ವರ್ಷದ ದೀರ್ಘ ಸೇವಾ ಮೆಡಲ್ ಎರಡೇ ನಮೂದಾಗಿವೆ. ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್ ಪುಸ್ತಕದಲ್ಲೂ ಇಲ್ಲ, ಕೈಗೂ ಬಂದಿಲ್ಲ. ಅಮ್ಮನ ಹೆಸರು ಆಧಾರ್‌ನಲ್ಲಿ ಸಾವಿತ್ರಮ್ಮ. ಡಿಸ್ಚಾರ್ಜ್ ಬುಕ್ಕಿನಲ್ಲೂ ರಕ್ಷಣಾ ಪಿಂಚಣಿಯ ಪೋರ್ಟಲ್ ಆದ ಸ್ಪರ್ಶ್‌ನಲ್ಲೂ ಸಾವಿತ್ರಿ ದೇವಿ. ಅವರ ಹುಟ್ಟಿದ ದಿನಾಂಕದ ಜಾಗ ಖಾಲಿ. ಪರಿಚಯದವರೊಬ್ಬರು ನೇರ ಕೋರ್ಟಿಗೆ ಹೋಗಿ ಎನ್ನುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಪದಕದ ವಿಷಯ ಮೊದಲು ಬಂದಿದೆ, ಅಮ್ಮನ ಹೆಸರು ಕೊನೆಗೆ. ಕೆಲಸ ಮಾತ್ರ ತಿರುವುಮುರುವಾಗಿ ಆಗಬೇಕು. ಈ ಪದಕಗಳಿಗೆ ಹಣದ ಸೌಲಭ್ಯವಿಲ್ಲ. ಅವು ಗೌರವದ ವಿಷಯ, ಇನ್ನಾರು ತಿಂಗಳು ತಡವಾದರೂ ಹಕ್ಕು ಎಲ್ಲಿಗೂ ಹೋಗುವುದಿಲ್ಲ. ಅಮ್ಮನ ಹೆಸರು ಹಾಗಲ್ಲ. ಮುಂದೆ ಕುಟುಂಬ ಪಿಂಚಣಿ ನಡೆಯುವುದೇ ಆ ಹೆಸರಿನ ಮೇಲೆ. ಇವತ್ತು ತಂದೆಯವರು ತಮ್ಮ ಕೈಯಾರೆ ‘ಇವಳೇ ನನ್ನ ಹೆಂಡತಿ, ಎರಡೂ ಹೆಸರು ಇವಳದೇ’ ಎಂದು ಸಹಿ ಹಾಕಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಅವರ ಸಹಿ ಸಿಗದ ಕಾಲದಲ್ಲಿ ಅದೇ ಮಾತನ್ನು ನಿಮ್ಮ ತಾಯಿ ಒಂಟಿಯಾಗಿ ರುಜುವಾತು ಮಾಡಬೇಕಾಗುತ್ತದೆ. ಆಗ ತಹಸೀಲ್ದಾರರ ಕಚೇರಿಯ ಕಾಗದ, ಸಾಕ್ಷಿ, ಪ್ರಮಾಣಪತ್ರ ಎಂದು ತಿಂಗಳುಗಟ್ಟಲೆ ಪಿಂಚಣಿಯಿಲ್ಲದೆ ಕಾಯುವ ಪಾಡು ಬರುತ್ತದೆ. ಆದ್ದರಿಂದ ಈ ವಾರವೇ ಹೆಸರಿನ ಕೆಲಸ ಶುರುವಾಗಲಿ. ಎರಡಕ್ಕೂ ಅರ್ಜಿ ಬೇರೆ ಬೇರೆ ಇರಲಿ. ಒಂದೇ ಕಾಗದದಲ್ಲಿ ಎರಡನ್ನೂ ಬರೆದರೆ ಅದು ಒಂದು ಸೆಕ್ಷನ್ನಿನ ಮೇಜಿಗೆ ಹೋಗಿ, ಅವರಿಗೆ ಸಂಬಂಧಿಸಿದ್ದಕ್ಕೆ ಮಾತ್ರ ಉತ್ತರ ಬಂದು, ಇನ್ನೊಂದು ಅಲ್ಲೇ ಉಳಿಯುತ್ತದೆ.

ಅರ್ಜಿ ಬರೆಯುವ ಮುಂಚೆ ದಾಖಲೆ ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಿರಬೇಕು. ಸೈನಿಕನ ಮದುವೆ, ಮಗುವಿನ ಜನನ, ಬಡ್ತಿ, ಪದಕದ ಅರ್ಹತೆ, ಇವೆಲ್ಲ ನಡೆದಾಗ ಅವನ ಯೂನಿಟ್ ಒಂದು ‘ಪಾರ್ಟ್ ಟೂ ಆರ್ಡರ್’ ಹೊರಡಿಸುತ್ತದೆ. ಅದಕ್ಕೆ ಒಂದು ನಂಬರು, ಒಂದು ದಿನಾಂಕ ಇರುತ್ತದೆ. ಅದು ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿಗೆ ಹೋಗಿ ಅವನ ಮೂಲ ಸೇವಾ ದಾಖಲೆಯಾದ ಶೀಟ್ ರೋಲ್‌ನಲ್ಲಿ ದಾಖಲಾಗುತ್ತದೆ. ಕುಟುಂಬದ ವಿವರಗಳು ಕಿಂಡ್ರೆಡ್ ರೋಲ್‌ನಲ್ಲಿರುತ್ತವೆ. ನಿಮ್ಮ ಮನೆಯ ಬೀರುವಿನಲ್ಲಿರುವ ಡಿಸ್ಚಾರ್ಜ್ ಬುಕ್ ಮೂಲ ದಾಖಲೆಯಲ್ಲ. ಸೇವೆಯ ಕೊನೆಯಲ್ಲಿ ಆ ಮೂಲವನ್ನು ನೋಡಿ ಗುಮಾಸ್ತರೊಬ್ಬರು ಕೈಬರಹದಲ್ಲಿ ಇಳಿಸಿದ ಪ್ರತಿ ಅದು. ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ ಕೂಡ ಹಾಗೆಯೇ: ರೆಕಾರ್ಡ್ ಆಫೀಸು ಕಳಿಸಿದ ವಿವರದ ಮೇಲೆ ಪ್ರಯಾಗ್‌ರಾಜ್‌ನ ಪಿಸಿಡಿಎ ಪಿಂಚಣಿ ಕಚೇರಿ ಹೊರಡಿಸಿದ ಆದೇಶ. ಸ್ಪರ್ಶ್‌ನಲ್ಲಿ ಕಾಣುವುದು ಅದರ ಗಣಕೀಕೃತ ರೂಪ.

ಹಾಗಾಗಿ ತಪ್ಪು ಎರಡು ಕಡೆ ಆಗಿರಬಹುದು. ಮೂಲದಲ್ಲಿ ಸರಿಯಿದ್ದು ನಕಲಿನಲ್ಲಿ ತಪ್ಪಿರಬಹುದು, ಅಥವಾ ಮೂಲದಲ್ಲೇ ತಪ್ಪಿರಬಹುದು. ಮೊದಲನೆಯದಾದರೆ ರೆಕಾರ್ಡ್ ಆಫೀಸು ಹಳೆಯ ಪಾರ್ಟ್ ಟೂ ಆರ್ಡರ್ ನೋಡಿ ಡಿಸ್ಚಾರ್ಜ್ ಬುಕ್ಕಿನಲ್ಲಿ ತಿದ್ದಿ ಮೊಹರು ಹಾಕಿಕೊಡುತ್ತದೆ, ಹೆಚ್ಚಿನ ಪುರಾವೆ ಬೇಕಿಲ್ಲ. ಎರಡನೆಯದಾದರೆ ರೆಕಾರ್ಡ್ ಆಫೀಸೇ ಹೊಸ ಪಾರ್ಟ್ ಟೂ ಆರ್ಡರ್ ಹೊರಡಿಸಬೇಕು, ಅದಕ್ಕೆ ಪುರಾವೆ ನೀವು ಒದಗಿಸಬೇಕು. ಯಾವುದು ಎಂದು ತಿಳಿಯದೆ ಬರೆದ ಅರ್ಜಿಗಳೇ ‘ದಾಖಲೆಯ ಪ್ರಕಾರ ಸರಿಯಿದೆ’ ಎಂಬ ಒಂದು ಸಾಲಿನ ಉತ್ತರ ಹೊತ್ತು ವಾಪಸು ಬರುವುದು.

ತಿಳಿದುಕೊಳ್ಳುವ ದಾರಿ ಸುಲಭ. ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ ರೆಕಾರ್ಡ್ ಆಫೀಸಿನ ದಾಖಲೆಗಳ ಪ್ರತಿ ಕೇಳಿ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅರೆಬರೆ ಬಂದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ. ಅರ್ಜಿ ತಂದೆಯವರ ಹೆಸರಿನಲ್ಲೇ, ಅವರದೇ ಸಹಿಯಲ್ಲಿ, ಅವರ ಗುರುತಿನ ಚೀಟಿಯ ಪ್ರತಿಯೊಂದಿಗೆ ಹೋಗಬೇಕು. ಮಗ ಕೇಳಿದರೆ ಮೂರನೆಯವರ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕಲು ಅವಕಾಶವಾಗುತ್ತದೆ. ಕೇಳಬೇಕಾದ್ದು ಇಷ್ಟು: ಶೀಟ್ ರೋಲ್‌ನಲ್ಲಿ ಪದಕಗಳನ್ನು ನಮೂದಿಸಿರುವ ಪುಟ, ಕಿಂಡ್ರೆಡ್ ರೋಲ್, ಮದುವೆಯ ಪಾರ್ಟ್ ಟೂ ಆರ್ಡರ್, ಪದಕಗಳಿಗೆ ಸಂಬಂಧಿಸಿದ ಎಲ್ಲ ಪಾರ್ಟ್ ಟೂ ಆರ್ಡರ್‌ಗಳು, ಮತ್ತು 1971ರ ಜನವರಿಯಿಂದ 1972ರ ಡಿಸೆಂಬರ್‌ವರೆಗೆ ಅವರು ಯಾವ ಯೂನಿಟ್‌ನಲ್ಲಿದ್ದರು ಎಂಬ ದಾಖಲೆ. ‘ನನಗೆ ಪದಕ ಯಾಕೆ ಕೊಟ್ಟಿಲ್ಲ’ ಎಂದು ಇಲ್ಲಿ ಕೇಳಬೇಡಿ. ಈ ಕಾಯ್ದೆಯಡಿ ಸಿಗುವುದು ಇರುವ ಕಾಗದ, ಕಾರಣದ ವಿವರಣೆಯಲ್ಲ. ದೂರನ್ನೂ ಮಾಹಿತಿಯನ್ನೂ ಬೆರೆಸಿದ ಅರ್ಜಿಯಿಂದ ಎರಡೂ ಸಿಗುವುದಿಲ್ಲ.

ನಿಮ್ಮ ತಂದೆಯವರ ರೆಕಾರ್ಡ್ ಆಫೀಸು ಬೆಂಗಳೂರಿನಲ್ಲೇ ಇರುವುದು ದೊಡ್ಡ ಅನುಕೂಲ. ಇದನ್ನು ಓದುತ್ತಿರುವ ಬೇರೆಯವರಿಗೂ ಉಪಯೋಗವಾಗಲಿ: ಎಎಸ್‌ಸಿ ದಕ್ಷಿಣ, ಮಿಲಿಟರಿ ಪೊಲೀಸ್, ಪಯೋನಿಯರ್ ಕೋರ್‌ನವರಿಗೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್‌ಗೆ ವೆಲ್ಲಿಂಗ್ಟನ್, ಇಎಂಇ ಮತ್ತು ಆರ್ಡ್‌ನೆನ್ಸ್‌ಗೆ ಸಿಕಂದರಾಬಾದ್, ತೋಪಖಾನೆಗೆ ನಾಸಿಕ್, ಸಿಗ್ನಲ್ಸ್‌ಗೆ ಜಬಲ್‌ಪುರ. ನೌಕಾಪಡೆಯ ನಾವಿಕರ ದಾಖಲೆ ಮುಂಬೈನ ಮಾನ್‌ಖುರ್ದ್‌ನಲ್ಲಿ, ವಾಯುಪಡೆಯ ಏರ್‌ಮನ್‌ಗಳದು ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿ. ಯಾವ ಕಾಗದಕ್ಕೂ ಸರ್ವಿಸ್ ನಂಬರನ್ನು ಕೊನೆಯ ಅಕ್ಷರ ಇದ್ದರೆ ಅದನ್ನೂ ಸೇರಿಸಿ ಬರೆಯಿರಿ. ಕಡತ ಹುಡುಕುವುದು ಹೆಸರಿನ ಮೇಲಲ್ಲ, ಆ ನಂಬರಿನ ಮೇಲೆ.

ಈಗ ಹೆಸರಿನ ವಿಷಯ. ಕನ್ನಡದ ಕುಟುಂಬಗಳಲ್ಲಿ ಈ ತಪ್ಪು ಬಹಳ ಸಾಮಾನ್ಯ, ಅದಕ್ಕೆ ಕಾರಣವೂ ಇದೆ. ‘ಅಮ್ಮ’, ‘ಅವ್ವ’, ‘ಬಾಯಿ’ ಸೇರಿದ ಹೆಸರನ್ನು ಯೂನಿಟ್ ಗುಮಾಸ್ತರು ತಮಗೆ ರೂಢಿಯಿದ್ದ ‘ದೇವಿ’ಗೆ ಬದಲಾಯಿಸಿಬಿಟ್ಟಿರುತ್ತಾರೆ. ಗೌಡ ಎಂಬುದು ಒಂದು ಕಡೆ ಡಬ್ಲ್ಯು ಅಕ್ಷರದಲ್ಲಿ, ಇನ್ನೊಂದು ಕಡೆ ಯು ಅಕ್ಷರದಲ್ಲಿ ಇರುತ್ತದೆ. ಇನಿಷಿಯಲ್ ಆಗಿದ್ದ ಊರಿನ ಹೆಸರು ವ್ಯಕ್ತಿಯ ಹೆಸರೇ ಆಗಿಬಿಟ್ಟಿರುತ್ತದೆ. ಸಾವಿತ್ರಿ ದೇವಿ, ಸಾವಿತ್ರಮ್ಮ ಒಬ್ಬರೇ ಎಂದು ನಮಗೆ ಕೇಳಿದೊಡನೆ ತಿಳಿಯುತ್ತದೆ. ಕಂಪ್ಯೂಟರಿಗೆ ಅವರು ಇಬ್ಬರು ಹೆಂಗಸರು.

ಅರ್ಜಿಯೊಂದಿಗೆ ಹೋಗಬೇಕಾದ್ದು: ತಂದೆಯವರು ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಅಫಿಡವಿಟ್, ಪತ್ರಿಕೆಯಲ್ಲಿ ಕೊಟ್ಟ ಪ್ರಕಟಣೆ (ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆ, ಪೂರ್ತಿ ಪುಟವನ್ನೇ ಇಟ್ಟುಕೊಳ್ಳಿ, ಕತ್ತರಿಸಿದ ತುಣುಕಿನಲ್ಲಿ ದಿನಾಂಕ ಕಾಣುವುದಿಲ್ಲ), ಇಬ್ಬರ ಆಧಾರ್ ಮತ್ತು ಪ್ಯಾನ್, ದಂಪತಿಗಳ ಜಂಟಿ ಫೋಟೊ, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಪ್ರತಿ. ಇವೆಲ್ಲದರ ಮೇಲೆ ಜಿಲ್ಲೆಯ ಸೈನಿಕ ಕಲ್ಯಾಣ ಅಧಿಕಾರಿಯ ಮೇಲುಸಹಿ ಹಾಕಿಸಿ. ಕೆಲವು ಜಿಲ್ಲೆಗಳಿಗೆ ಪಕ್ಕದ ಜಿಲ್ಲೆಯ ಕಚೇರಿಯೇ ಗತಿ. ಯಾವ ಕಚೇರಿ ಎಂದು ಗೊತ್ತಾಗದಿದ್ದರೆ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಭವನದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ವಿಚಾರಿಸಿ. ಹೆಸರು ಪೂರ್ತಿ ಬೇರೆಯಾಗಿದ್ದರೆ, ಉದಾಹರಣೆಗೆ ಲಕ್ಷ್ಮಿ ಎಂದು ಇರುವುದನ್ನು ಸಾವಿತ್ರಮ್ಮ ಮಾಡಬೇಕಾದರೆ, ಕೇಳುವ ಪುರಾವೆ ಇನ್ನೂ ಹೆಚ್ಚು. ನಿಮ್ಮದು ಅಂಥ ಪ್ರಕರಣವಲ್ಲ.

ಅಫಿಡವಿಟ್ ಹೇಗೆ ಬರೆದಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ‘ನನ್ನ ಹೆಂಡತಿಯ ಹೆಸರನ್ನು ಬದಲಾಯಿಸಿದ್ದೇನೆ’ ಎಂದು ಬರೆಸಬೇಡಿ. ಟೈಪ್ ಮಾಡುವವರು ಸಿದ್ಧ ನಮೂನೆಯಲ್ಲಿ ಹಾಗೆಯೇ ಬರೆದುಕೊಡುತ್ತಾರೆ. ಹಾಗೆ ಬರೆದರೆ ಅದು ಹೆಸರು ಬದಲಾವಣೆಯ ಪ್ರಕರಣವಾಗಿ, ಗೆಜೆಟ್ ಪ್ರಕಟಣೆ ತನ್ನಿ ಎಂಬ ಮಾತು ಬರುತ್ತದೆ. ನಿಮ್ಮದು ಬದಲಾವಣೆಯಲ್ಲ, ದಾಖಲೆಯಲ್ಲಿ ಆದ ತಪ್ಪಿನ ತಿದ್ದುಪಡಿ. ಆದ್ದರಿಂದ ‘ಸೇವಾ ದಾಖಲೆಯಲ್ಲಿ ಸಾವಿತ್ರಿ ದೇವಿ ಎಂದು ನಮೂದಾಗಿರುವವರೂ ಆಧಾರ್‌ನಲ್ಲಿ ಸಾವಿತ್ರಮ್ಮ ಎಂದಿರುವವರೂ ಒಬ್ಬರೇ ವ್ಯಕ್ತಿ, ನನ್ನ ಏಕೈಕ ಧರ್ಮಪತ್ನಿ, ಇಂಥ ದಿನಾಂಕದಂದು ನಮ್ಮ ಮದುವೆ ಆಯಿತು’ ಎಂಬ ಅರ್ಥ ಬರಲಿ. ಮದುವೆಯ ದಿನಾಂಕ ಮಾತ್ರ ಹಳೆಯ ಪಾರ್ಟ್ ಟೂ ಆರ್ಡರ್‌ನಲ್ಲಿ ಇರುವಂತೆಯೇ ಇರಬೇಕು. ನೆನಪಿನಿಂದ ಬರೆಸಿ ಅದು ಒಂದು ವರ್ಷ ಆಚೀಚೆ ಆದರೆ ಇದು ಬೇರೆ ಮದುವೆಯೇ ಎಂಬ ಪ್ರಶ್ನೆ ಏಳುತ್ತದೆ. ಮಾಹಿತಿ ಹಕ್ಕಿನ ಉತ್ತರ ಕೈಯಲ್ಲಿಟ್ಟುಕೊಂಡು ಅಫಿಡವಿಟ್ ಮಾಡಿಸಿ ಎನ್ನುವುದು ಇದಕ್ಕೇ. ಹೆಸರಿನ ಪತ್ರಗಳನ್ನೆಲ್ಲ ಇವತ್ತೇ ಒಟ್ಟುಮಾಡಲು ಶುರುಮಾಡಿ, ಪ್ರಮಾಣ ಮಾಡುವುದು ಮಾತ್ರ ಆ ದಿನಾಂಕ ಗೊತ್ತಾದ ಮೇಲೆ. ಕಾಗದ ಇಂಗ್ಲಿಷ್‌ನಲ್ಲಿರಲಿ. ಶಾಲೆಯ ವರ್ಗಾವಣೆ ಪತ್ರದಂಥ ಕನ್ನಡದ ದಾಖಲೆ ಕೊಡುವುದಿದ್ದರೆ ನೋಟರಿ ದೃಢೀಕರಿಸಿದ ಅನುವಾದ ಜೊತೆಗಿರಲಿ, ಕಡತ ಪ್ರಯಾಗ್‌ರಾಜ್‌ವರೆಗೂ ಹೋಗುತ್ತದೆ.

ಅಮ್ಮನ ಹುಟ್ಟಿದ ದಿನಾಂಕವನ್ನೂ ಇದೇ ಅರ್ಜಿಯಲ್ಲಿ ಸೇರಿಸಿ. ಈ ಖಾಲಿ ಜಾಗ ಈಗ ನೋವು ಕೊಡುವುದಿಲ್ಲ, 80 ತುಂಬಿದಾಗ ಕೊಡುತ್ತದೆ. ಪಿಂಚಣಿಯಾಗಲಿ ಕುಟುಂಬ ಪಿಂಚಣಿಯಾಗಲಿ, 80 ತುಂಬಿದ ಮೇಲೆ ಮೂಲ ಮೊತ್ತದ ಶೇ 20 ಹೆಚ್ಚಾಗುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರು ತುಂಬಿದರೆ ಶೇ 100. ದಿನಾಂಕವೇ ಇಲ್ಲದ ದಾಖಲೆಯಲ್ಲಿ ಯಾವ ಗಣಕಯಂತ್ರವೂ ಇದನ್ನು ತಾನಾಗಿ ಲೆಕ್ಕ ಹಾಕುವುದಿಲ್ಲ. ಆಧಾರ್‌ನಲ್ಲಿ ಜನವರಿ 1 ಎಂದಿದ್ದರೆ ಅದು ಬಹಳ ಸಲ ಅಂದಾಜಿನ ವರ್ಷದಿಂದ ಬಂದ ದಿನಾಂಕ. ಪ್ಯಾನ್, ವೋಟರ್ ಐಡಿ, ಶಾಲಾ ದಾಖಲೆ, ಇದ್ದರೆ ಪಾಸ್‌ಪೋರ್ಟ್, ಇವೆಲ್ಲವನ್ನೂ ಮೇಜಿನ ಮೇಲೆ ಹರಡಿ ನೋಡಿ. ಒಂದಕ್ಕೊಂದು ಹೊಂದದಿದ್ದರೆ ಮೊದಲು ಅವುಗಳನ್ನು ಸರಿಮಾಡಿಸಿ, ಆಮೇಲೆ ರೆಕಾರ್ಡ್ ಆಫೀಸಿಗೆ ಬರೆಯಿರಿ. ತಂದೆಯವರ ಸ್ವಂತ ಹುಟ್ಟಿದ ದಿನಾಂಕದ ಗೊಡವೆಗೆ ಮಾತ್ರ ಹೋಗಬೇಡಿ. ಸೇರುವಾಗ ಬರೆಸಿದ ದಿನಾಂಕ ನಿವೃತ್ತಿಯ ನಂತರ ಬದಲಾಗುವುದು ಇಲ್ಲವೆಂದೇ ಹೇಳಬೇಕು. ವ್ಯತ್ಯಾಸವಿದ್ದರೆ ಆಧಾರ್ ಅನ್ನು ಡಿಸ್ಚಾರ್ಜ್ ಬುಕ್ಕಿಗೆ ಹೊಂದಿಸಿ.

ಕಾಗದ ಒಪ್ಪಿಗೆಯಾದರೆ ರೆಕಾರ್ಡ್ ಆಫೀಸು ಪಾರ್ಟ್ ಟೂ ಆರ್ಡರ್ ಹೊರಡಿಸಿ, ವಿವರವನ್ನು ಪಿಂಚಣಿ ಕಚೇರಿಗೆ ಕಳಿಸುತ್ತದೆ. ಅಲ್ಲಿಂದ ತಿದ್ದುಪಡಿ ಆದೇಶ, ಅಂದರೆ ಕಾರಿಜೆಂಡಮ್ ಪಿಪಿಒ ಬರುತ್ತದೆ. ಪಾರ್ಟ್ ಟೂ ಆರ್ಡರ್ ಬಂತೆಂದು ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಸ್ಪರ್ಶ್‌ನಲ್ಲಿ ಲಾಗಿನ್ ಆಗಿ ಹೊಸ ಹೆಸರೂ ದಿನಾಂಕವೂ ಕಾಣುತ್ತವೆಯೇ ಎಂದು ನೋಡಿ, ಆದೇಶವನ್ನು ಇಳಿಸಿಕೊಂಡು ಮುದ್ರಿಸಿ ಇಡಿ. ನಂತರ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್, ಬ್ಯಾಂಕಿನ ಜಂಟಿ ಖಾತೆ. ಈ ಕ್ರಮ ತಪ್ಪಿಸಿ ಮೊದಲು ಬ್ಯಾಂಕಿನಲ್ಲಿ ಹೆಸರು ಬದಲಾಯಿಸಿದರೆ, ಖಾತೆಯ ಹೆಸರೂ ಪಿಪಿಒ ಹೆಸರೂ ತಾಳೆಯಾಗದೆ ಇನ್ನೊಂದು ತೊಡಕಾಗುತ್ತದೆ.

ಪದಕಕ್ಕೆ ಬರೋಣ. ಇಲ್ಲಿ ‘ಅರ್ಹತೆ’ ಬೇರೆ, ‘ವಿತರಣೆ’ ಬೇರೆ. ಅರ್ಹತೆ ಶೀಟ್ ರೋಲ್‌ನಲ್ಲಿ ದಾಖಲಾಗಿದ್ದು ಪದಕದ ತುಂಡು ಮಾತ್ರ ಕೈಗೆ ಬಂದಿರದ ಪ್ರಕರಣಗಳು ಬಹಳ. ಹಾಗಿದ್ದರೆ ನಿಮ್ಮ ಬೇಡಿಕೆ ಎರಡೇ ಸಾಲು: ಈ ಪಾರ್ಟ್ ಟೂ ಆರ್ಡರ್ ಪ್ರಕಾರ ಅರ್ಹತೆ ಇದೆ, ಡಿಸ್ಚಾರ್ಜ್ ಬುಕ್ಕಿನಲ್ಲಿ ನಮೂದಿಸಿ, ಪದಕ ವಿತರಿಸಿ. ಅರ್ಹತೆಯೇ ದಾಖಲಾಗಿಲ್ಲವಾದರೆ ಅದನ್ನು ಸ್ಥಾಪಿಸಬೇಕು.

ಸ್ಥಾಪಿಸುವುದು ಊರು ಮತ್ತು ದಿನಾಂಕದ ಮೇಲೆ. ಪೂರ್ವಿ ಸ್ಟಾರ್ ಪೂರ್ವ ರಂಗದ ಕಾರ್ಯಾಚರಣೆಯ ಪ್ರದೇಶದಲ್ಲಿ ಸೇವೆ ಮಾಡಿದವರಿಗೆ, ಪಶ್ಚಿಮಿ ಸ್ಟಾರ್ ಪಶ್ಚಿಮದಲ್ಲಿದ್ದವರಿಗೆ. ಸಂಗ್ರಾಮ್ ಮೆಡಲ್‌ನ ವ್ಯಾಪ್ತಿ ಇನ್ನೂ ದೊಡ್ಡದು: 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರ ನಡುವೆ ಗೊತ್ತುಪಡಿಸಿದ ರಾಜ್ಯಗಳಲ್ಲಿ ಸೇವೆಯಲ್ಲಿದ್ದವರಿಗೆ. ‘ನಾನು ಎಂಇಜಿಯವನು, 71ರಲ್ಲಿ ಇದ್ದೆ’ ಎಂದರೆ ಸಾಲದು. ಅದೇ ಗ್ರೂಪಿನ ಎಷ್ಟೋ ಜನ ಆಗ ಬೆಂಗಳೂರಿನ ಸೆಂಟರಿನಲ್ಲೇ ಇದ್ದರು. ಯಾವ ಇಂಜಿನಿಯರ್ ರೆಜಿಮೆಂಟ್, ಯಾವ ಫೀಲ್ಡ್ ಕಂಪನಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ತಂದೆಯವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ. ಕಂಪನಿ ಕಮಾಂಡರ್ ಹೆಸರು, ಕಟ್ಟಿದ ಸೇತುವೆ, ದಾಟಿದ ನದಿ, ಇವು ಅರ್ಜಿಯಲ್ಲಿ ಪುರಾವೆಯಾಗದಿದ್ದರೂ ಅವರಿಗೆ ಕಂಪನಿ ನಂಬರನ್ನು ನೆನಪಿಗೆ ತರುತ್ತವೆ. ಆ ನಂಬರು ಸಿಕ್ಕರೆ ರೆಕಾರ್ಡ್ ಆಫೀಸಿಗೆ ತಾಳೆ ನೋಡಲು ಹಿಡಿ ಸಿಕ್ಕಂತೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಮೆಡಲ್ ಇದೆ. ತಂದೆಯವರು ಆ ದಿನ ಸೇವೆಯಲ್ಲಿದ್ದರು, ಆದರೂ ಪುಸ್ತಕದಲ್ಲಿ ಅದೂ ಇಲ್ಲ. ಅರ್ಜಿಯಲ್ಲಿ ಮೂರನ್ನೂ ಕೇಳಿ. 20 ವರ್ಷದ ದೀರ್ಘ ಸೇವಾ ಮೆಡಲ್ ಅವರಿಗೆ ಬರುವುದಿಲ್ಲ, ಸೇವೆ 17 ವರ್ಷ. 1965ರ ಪದಕಗಳೂ ಇಲ್ಲ, ಸೇರಿದ್ದೇ 1967ರಲ್ಲಿ. ಹಕ್ಕಿಲ್ಲದ್ದನ್ನು ಪಟ್ಟಿಗೆ ಸೇರಿಸಿದರೆ ಹಕ್ಕಿರುವುದರ ತೂಕವೂ ಕಡಿಮೆಯಾಗುತ್ತದೆ. ಮನೆಯಲ್ಲಿರುವ ಎರಡು ಮೆಡಲ್‌ಗಳನ್ನು ಬೆಳಕಿಗೆ ಹಿಡಿದು ಅಂಚನ್ನು ತಿರುಗಿಸಿ ನೋಡಿ: ಸರ್ವಿಸ್ ನಂಬರು, ರ‍್ಯಾಂಕ್, ಹೆಸರು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ. ಅದರ ಸ್ಪಷ್ಟ ಫೋಟೊ ಲಗತ್ತಿಸಿ. ಅಂಚು ನುಣ್ಣಗಿದ್ದರೆ ಅದು ಸರ್ಕಾರ ಕೊಟ್ಟಿದ್ದಲ್ಲ, ಅಂಗಡಿಯಲ್ಲಿ ಕೊಂಡ ಪ್ರತಿ ಇರಬಹುದು.

ತಂದೆಯವರು ಪಿಂಚಣಿದಾರರಾದ್ದರಿಂದ ಕಡತ ಇರುವ ಸಾಧ್ಯತೆ ಹೆಚ್ಚು. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಶೀಟ್ ರೋಲನ್ನು 25 ವರ್ಷದ ಬಳಿಕ ನಾಶಮಾಡುವ ನಿಯಮವಿದೆ. ಅಂಥವರಿಗೆ ಉಳಿಯುವುದು ಲಾಂಗ್ ರೋಲ್ ಎಂಬ ಒಂದು ಸಾಲಿನ ದಾಖಲೆ. ಆಗ ಮನೆಯಲ್ಲಿರುವ ಹಳೆಯ ಪೇ ಬುಕ್, ರಜೆ ಪತ್ರ, ಫೀಲ್ಡ್ ಅಂಚೆ ವಿಳಾಸವಿರುವ ಇನ್‌ಲ್ಯಾಂಡ್ ಪತ್ರ, ಇವೇ ಆಧಾರ. ಜೊತೆಗಾರರ ಅಫಿಡವಿಟ್ ಒಂದನ್ನೇ ನಂಬಿ ಹೋದರೆ ಹೆಚ್ಚು ಬೆಲೆ ಸಿಗುವುದಿಲ್ಲ. ಆ ಜೊತೆಗಾರರಿಗೆ ಅದೇ ಕಂಪನಿಯಿಂದ ಅದೇ ಪದಕ ಸಿಕ್ಕಿರುವ ದಾಖಲೆಯ ಪ್ರತಿ ಇದ್ದರೆ ಸಿಗುತ್ತದೆ. ಶೌರ್ಯ ಪ್ರಶಸ್ತಿಗಳ ಮಾತೇ ಬೇರೆ. ವೀರ ಚಕ್ರ, ಸೇನಾ ಮೆಡಲ್‌ನಂಥವು ಶಿಫಾರಸಿನ ಮೇಲೆ ಸಿಕ್ಕಿ ಗೆಜೆಟ್‌ನಲ್ಲಿ ಪ್ರಕಟವಾಗುವಂಥವು. ಅವುಗಳನ್ನು ದಾಖಲೆ ತಿದ್ದುಪಡಿಯ ಅರ್ಜಿಯಲ್ಲಿ ಕೇಳಲು ಬರುವುದಿಲ್ಲ.

ಡಿಸ್ಚಾರ್ಜ್ ಬುಕ್ಕನ್ನು ಹೇಗಿದೆಯೋ ಹಾಗೆ ಕಾಪಾಡಿ. ಬಿಟ್ಟುಹೋದ ಪದಕವನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಪೆನ್ನಿನಲ್ಲಿ ಸೇರಿಸಿದರೂ ಅದು ತಿರುಚಿದ ದಾಖಲೆಯಾಗುತ್ತದೆ, ಉಳಿದ ಪುಟಗಳ ಮೇಲೂ ಅನುಮಾನ ಬೀಳುತ್ತದೆ. ಹರಿಯುತ್ತದೆಂದು ಲ್ಯಾಮಿನೇಟ್ ಮಾಡಿಸಬೇಡಿ, ಆ ಪುಟದ ಮೇಲೆ ತಿದ್ದುಪಡಿ ಬರೆಯಲೂ ಆಗುವುದಿಲ್ಲ, ಮೊಹರೂ ನಿಲ್ಲುವುದಿಲ್ಲ. ಮೊದಲ ಅರ್ಜಿಗೆ ಬಣ್ಣದ ಪ್ರತಿ ಸಾಕು. ಮೂಲ ಪುಸ್ತಕ ಕೇಳಿದಾಗ, ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಂಡು, ನೀವೇ ಬೆಂಗಳೂರಿಗೆ ಹೋಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನು ಕೋರ್ಟಿನ ಮಾತು. ಸೈನಿಕರ ಸೇವಾ ವಿವಾದಗಳಿಗೆ ಇರುವುದು 2007ರ ಕಾಯ್ದೆಯಡಿಯ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಇಲಾಖೆಯೊಳಗಿನ ದಾರಿಗಳನ್ನು ಮುಗಿಸದೆ ಬಂದ ಅರ್ಜಿಯನ್ನು ಅದು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಮನವಿಗೆ ಅಂತಿಮ ಆದೇಶ ಬಂದಿರಬೇಕು, ಇಲ್ಲವೇ ಮನವಿ ಕೊಟ್ಟು ಆರು ತಿಂಗಳು ಕಳೆದಿರಬೇಕು. ಅಲ್ಲಿಂದ ಮುಂದಿನ ಆರು ತಿಂಗಳಲ್ಲಿ ಅರ್ಜಿ ಹಾಕಬೇಕು. ತಡವಾಗಿದ್ದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ಇವತ್ತು ವಕೀಲರ ಬಳಿ ಹೋದರೂ ಅವರು ಮೊದಲು ಬರೆಸುವುದು ಇದೇ ಮನವಿಯನ್ನು. ಆದ್ದರಿಂದ ಮನವಿ ಕೊಟ್ಟ ದಿನಾಂಕದ ದಾಖಲೆ, ಸ್ಪೀಡ್ ಪೋಸ್ಟ್ ರಸೀದಿ, ತಲುಪಿದ ಪುರಾವೆ ಮೂರನ್ನೂ ಜೋಪಾನ ಮಾಡಿ. ಎರಡು ತಿಂಗಳಾದರೂ ಉತ್ತರವಿಲ್ಲದಿದ್ದರೆ ಜ್ಞಾಪನಾ ಪತ್ರ, ಆಮೇಲೆ ಕೇಂದ್ರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರು. ಪಿಂಚಣಿಯ ಹಣಕ್ಕೆ ಸಂಬಂಧಿಸಿದ್ದಾದರೆ ಕಾಲ ತಳ್ಳಬೇಡಿ. 2008ರಲ್ಲಿ ಸುಪ್ರೀಂ ಕೋರ್ಟ್ ತರ್ಸೇಮ್ ಸಿಂಗ್ ಪ್ರಕರಣದಲ್ಲಿ, ತಡವಾಗಿ ಬಂದವರಿಗೆ ಬಾಕಿಯನ್ನು ಅರ್ಜಿ ಹಾಕುವುದಕ್ಕೆ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಿದೆ.

ಪುಸ್ತಕ ತಿದ್ದುಪಡಿಯಾಗಿ ಕೈಗೆ ಬಂದಾಗ ಕೌಂಟರ್ ಬಿಟ್ಟು ಹೊರಡುವ ಮೊದಲೇ ತೆರೆದು ನೋಡಿ. ಪ್ರತಿ ಹೊಸ ನಮೂದಿನ ಪಕ್ಕದಲ್ಲಿ ಪಾರ್ಟ್ ಟೂ ಆರ್ಡರ್‌ನ ನಂಬರು, ದಿನಾಂಕ, ಅಧಿಕಾರಿಯ ಸಹಿ, ದುಂಡು ಮೊಹರು ನಾಲ್ಕೂ ಇರಬೇಕು. ಸಾವಿತ್ರಮ್ಮ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಆಧಾರ್ ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಓದಿ ತಾಳೆ ಮಾಡಿ. ಒಂದು ಹೆಚ್ ಅಕ್ಷರ ಹೆಚ್ಚೋ ಕಡಿಮೆಯೋ ಆಗಿದ್ದರೆ ಅಲ್ಲೇ ಹೇಳಿ ಸರಿಮಾಡಿಸಿ.